ಶನಿವಾರದ ಟೇಪು

ಅಕ್ಕ ತೀರಿಕೊಂಡ್ಳು ಅಂತ ಫೋನ್ ಬಂದಾಗ ನಾ ಲೈನಿನ ಮುಂದ ನಿಂತಿದ್ದೆ, ಕೊರಳಾಗ ಟೇಪು ಇತ್ತು. ಫೋನ್ ಮಾಡಿದಾಕಿ ಅಕ್ಕನ ತಂಗಿ, ಸಿರುಗುಪ್ಪದಿಂದ. ನಮ್ಮೂರು ಕರೂರಿಗೆ ಒಯ್ತೀವಿ, ಸಂಜಿಗೆ ಮಣ್ಣು, ಬರೋದಿದ್ರ ಲಗೂನ ಬಾ ಅಂತ ಹೇಳಿ ಇಟ್ಟುಬಿಟ್ಳು. ಮಷಿನ್ ಸದ್ದಿನ್ಯಾಗ ಅರ್ಧ ಕೇಳ್ತು, ಅರ್ಧ ಕೇಳ್ಲಿಲ್ಲ. ಕೇಳಿದ್ದಷ್ಟ ಸಾಕಾಗಿತ್ತು.

ಮುಂದ ಏನಾತು ಅನ್ನೋದು ಆಮ್ಯಾಲ. ಮೊದಲ ಆಕಿ ಯಾರು ಅಂತ ಹೇಳಬೇಕು. ಹೆಸರು ಮಾತ್ರ ಹೇಳಂಗಿಲ್ಲ. ಬದುಕಿದ್ದಾಗ ಒಂದು ಬಾಗಲಿನ ಮ್ಯಾಲ ಆಕಿ ಹೆಸರು ಯಾರೂ ಬರೀಲಿಲ್ಲ, ಸತ್ತ ಮ್ಯಾಲ ನಾ ಬರದು ಏನು ಮಾಡ್ಲಿ? ಎಲ್ಲಾರೂ ಅಕ್ಕ ಅಂತಿದ್ರು. ಆಕಿಗಿಂತ ವಯಸ್ಸಿನ್ಯಾಗ ದೊಡ್ಡಾಕಿ ಆಗಿದ್ದ ಗುಂಡಿ ಹಚ್ಚೂ ಮುದುಕಿ ಸೈತ ಅಕ್ಕ ಅಂತಿದ್ಳು.

ನಮ್ಮದು ಬಳ್ಳಾರ್ಯಾಗ ಜೀನ್ಸ್ ಪ್ಯಾಂಟು ಹೊಲಿಯೂ ಯೂನಿಟ್ಟು. ಕೆಳಗ ಮಷಿನ್ನು, ಮ್ಯಾಲ ಆಫೀಸು, ನಡುವ ಕಬ್ಬಿಣದ ಮೆಟ್ಲು. ಆಫೀಸಿಗೆ ಗಾಜಿನ ಗೋಡಿ. ಅಲ್ಲಿ ಕುಂತ್ರ ಕೆಳಗಿನವ್ರು ಯಾರು ಹೊಲಿಯಾಕತ್ತಾರ, ಯಾರು ಬೆನ್ನು ಮುರೀತಾರ ಎಲ್ಲಾ ಕಾಣ್ತೈತಿ. ಒಂದು ಲೈನು ಅಂದ್ರ ಸಾಲಾಗಿ ಮಷಿನ್ನು. ಒಬ್ಬಾಕಿ ಕಿಸೆ ಹಚ್ಚಿ ಮುಂದಿನಾಕಿಗೆ ದಬ್ತಾಳ, ಆಕಿ ಜಿಪ್ಪು ಹಚ್ತಾಳ, ಇನ್ನೊಬ್ಬಾಕಿ ಬೆಲ್ಟು. ಈ ತುದಿಗೆ ಬಟ್ಟಿ ಇದ್ದದ್ದು ಆ ತುದಿಗೆ ಪ್ಯಾಂಟಾಗಿರ್ತೈತಿ. ಲೈನು ನೋಡಿಕೊಳ್ಳೂ ಸೂಪರ್‌ವೈಸರ್ ಕೊರಳಾಗ ಅಳತಿ ಟೇಪು ಹಾಕ್ಕೊಂಡಿರ್ತಾರ. ಅದ ಅವರ ಗುರ್ತು. ನಮ್ಮ ಲೈನಿನ ಟೇಪು ಅಕ್ಕನ ಕೊರಳಾಗ ಇತ್ತು.

ನಾ ಕುರುಗೋಡಿನಿಂದ ಬಸ್ಸಿಗೆ ಬರ್ತಿದ್ದೆ. ಸೇರಿದ ಮೊದಲನೇ ವಾರ ಒಂದಿಡೀ ಗಂಟಿನ ಕಿಸೆ ಉಲ್ಟಾ ಹಚ್ಚಿಬಿಟ್ಟೆ. ನೋಡಿದ ಕೂಡ್ಲೆ ಇವತ್ತ ನನ್ನ ಕಥಿ ಮುಗೀತು ಅನ್ಕೊಂಡೆ. ಅಕ್ಕ ಬಂದು ಬಟ್ಟಿ ತಿರುವಿ ನೋಡಿ, ಬಾರವ್ವ, ನೀರು ಕುಡದು ಬರೂಣು ಅಂದ್ಳು. ಮೂಲ್ಯಾಗ ನೀರಿನ ಡ್ರಮ್ಮು ಇತ್ತು. ಅಲ್ಲಿ ನಿಂತು ಒಂದು ಲೋಟ ನನಗ ಕೊಟ್ಟು, ಒಂದು ತಾನು ಕುಡದು, ಆಮ್ಯಾಲ ಸಣ್ಣ ದನಿಯಾಗ ಬೈದ್ಳು ನೋಡ್ರಿ, ನಮ್ಮವ್ವ ಸೈತ ಹಂಗ ಬೈದಿಲ್ಲ. ಆದ್ರ ವಾಪಸ್ ಬಂದು ಮಷಿನ್ನಿಗೆ ಕುಂತಾಗ ಪಕ್ಕದಾಕಿಗೆ ನಾ ಬೈಸಿಕೊಂಡು ಬಂದೀನಿ ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದಂಗ ನಟಿಸಿದ್ಳು ಅನ್ನೋದು ಆಮ್ಯಾಲ ತಿಳೀತು. ಅಕ್ಕನ ಕೂಡ ನೀರು ಕುಡಿಯೋದು ಅಂದ್ರ ಏನು ಅಂತ ಇಡೀ ಲೈನಿಗೆ ಗೊತ್ತಿತ್ತು. ಬಳ್ಳಾರಿ ಬಿಸಲಿನ್ಯಾಗ ಗಂಟಲು ಒಣಗಿ ಸಾಯಾಕತ್ತಿದ್ರೂ, ಅಕ್ಕ ಡ್ರಮ್ಮಿನ ಹತ್ರ ನಿಂತಿದ್ರ ಯಾರೂ ಆ ಕಡೆ ಹೋಗ್ತಿರಲಿಲ್ಲ.

ಮ್ಯಾಲಿಂದ ಕೆಟ್ಟ ಪೀಸು ವಾಪಸ್ ಬಂದ್ರ, ಯಾರು ಹೊಲಿದಿದ್ದು ಇದನ್ನ ಅಂತ ಕೇಳೋದು ಎಲ್ಲಾ ಲೈನಿನ ಪದ್ಧತಿ. ಬಾಜು ಲೈನಿನ ಸೂಪರ್‌ವೈಸರ್ ಪೀಸು ಎತ್ತಿ ಹಿಡದು, ಹೊಲಿದಾಕಿನ್ನ ಎಬ್ಬಿಸಿ ನಿಲ್ಲಿಸ್ತಿದ್ದ. ಅಕ್ಕಗ ಕೇಳಿದ್ರ ನನ್ನ ಲೈನಿಂದ್ರಿ ಅಂತ ಒಂದ ಮಾತು. ಯಾರು ಅಂತ ಎಷ್ಟು ಕೇಳಿದ್ರೂ ಅದ ಮಾತು. ಕಟಿಂಗ್ ಮಾಸ್ತರು ಆದೋನಿ ಕಡೆಯವ್ರು, ಬಾಯಿ ತೆಗೆದ್ರ ತೆಲುಗು. ನಿನಗ್ಯಾಕಮ್ಮಾ ಊರ ಪಾಪ ಎಲ್ಲಾ ಅಂತ ನಗ್ತಿದ್ರು. ಅಕ್ಕ ಅವರಿಗೆ ತೆಲುಗಿನ್ಯಾಗ ಉತ್ತರ ಕೊಟ್ಟು ತನ್ನ ಪಾಡಿಗೆ ಹೋಗ್ತಿದ್ಳು. ಆದ್ರ ಪೀಸು ಕೆಡಿಸಿದಾಕಿಗೆ ಆ ದಿನ ಊಟ ಗಂಟಲಾಗ ಇಳೀತಿರಲಿಲ್ಲ. ಮರುದಿನ ಆಕಿ ಹೊಲಿಗಿ ನೋಡಬೇಕು ನೀವು, ಕಣ್ಣಿಗೊತ್ತಿಕೊಳ್ಳೂ ಹಂಗ ಇರ್ತಿತ್ತು.

ಊಟದ್ದೂ ಒಂದು ಹೇಳಬೇಕು. ಅಕ್ಕ ಬೌದ್ಧರಾಕಿ. ಸತ್ಯನಾರಾಯಣಪೇಟಿಯ ಆಕಿ ಬಾಡಿಗಿ ರೂಮಿನ ಗೋಡಿಗೆ ಬುದ್ಧನ ಫೋಟೋ ಒಂದ ಇತ್ತು, ಬ್ಯಾರೆ ದೇವ್ರಿಲ್ಲ. ನಮ್ಮ ಹುಡುಗ್ಯಾರು ಊಟಕ್ಕ ತಮತಮಗ ಬೇಕಾದವ್ರ ಜೋಡಿ ಗುಂಪು ಮಾಡಿ ಕುಂದ್ರವ್ರು. ಯಾಕ ಹಂಗ ಕುಂದ್ರತಾರ ಅನ್ನೋದು ಎಲ್ಲಾರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳಂಗಿಲ್ಲ. ಅಕ್ಕ ದಿನಾ ಒಂದೊಂದು ಗುಂಪಿಗೆ ಹೋಗಿ ತನ್ನ ಡಬ್ಬಿ ತೆಗೀತಿದ್ಳು. ತಗೊಳ್ರಿ ಅಂತ ತಾನಾಗಿ ನೀಡ್ತಿರಲಿಲ್ಲ, ಕೇಳಿದ್ರ ಒಂದು ಚೂರು ಉಪ್ಪಿನಕಾಯಿ ಕೇಳ್ತಿದ್ಳು ಅಷ್ಟ. ವರ್ಷ ಹಿಂಗ ಹೋತು. ಒಂದಿನ ಆಕಿ ಡಬ್ಬಿಯೊಳಗಿನ ಪುಂಡಿಪಲ್ಯದ ವಾಸನಿಗೆ ತಡಕೊಳ್ಳಾಕ ಆಗದ ನಾನ ಕೈ ಹಾಕಿದೆ. ಅಕ್ಕ ಏನೂ ಅನ್ಲಿಲ್ಲ, ಡಬ್ಬಿ ಒಂಚೂರು ನನ್ನ ಕಡೆ ಸರಿಸಿದ್ಳು. ಮರುದಿನದಿಂದ ಮಂದಿ ಪಾಳಿ ಹಚ್ಚಿದ್ರು ಆ ಪಲ್ಯಕ್ಕ.

ಗಂಡ ಸತ್ತಾನ ಅಂತ ಕೆಲವ್ರು, ಬಿಟ್ಟು ಬಂದಾಳ ಅಂತ ಕೆಲವ್ರು. ನಾವು ಕೇಳ್ಲಿಲ್ಲ, ಆಕಿ ಹೇಳ್ಲಿಲ್ಲ. ಗೊತ್ತಿಲ್ಲ ಅನ್ನೂ ಮಾತು ದಿನಕ್ಕೊಂದು ಸಲ ಬಾಯಿಂದ ಬರಬೇಕವ್ವ, ಇಲ್ಲಂದ್ರ ಬಾಯಿ ಹುಳಿ ಆಗತೈತಿ ಅಂತಿದ್ಳು. ಹೊಸಾ ಮಷಿನ್ನು ಬಂದ್ರ, ನನಗ ಗೊತ್ತಿಲ್ಲ ತೋರ್ಸು ಅಂತ ಎಲ್ಲಾರಿಗಿಂತ ಸಣ್ಣ ಹುಡುಗಿ ಪಕ್ಕ ಹೋಗಿ ಕುಂದ್ರತಿದ್ಳು. ಬೆಳಿಗ್ಗಿ ಎಲ್ಲಾರಿಗಿಂತ ಮೊದಲ ಬಂದು, ಎಲ್ಲಾಕ್ಕಿಂತ ಕೆಟ್ಟ ಮಷಿನ್ನಿಗೆ ತಾನು ಕುಂತು ಮೊದಲನೇ ಪೀಸು ಹೊಲೀತಿದ್ಳು. ನಿಮ್ಮ ನಸೀಬಿನ ಮಷಿನ್ನು ಹೆಂಗೈತಿ ಅಂತ ನನಗ ಗೊತ್ತಿರಬೇಕಲ್ಲ ಅನ್ನೂದು ಆಕಿ ಲೆಕ್ಕ.

ಇವೆಲ್ಲಾ ಬಿಡ್ರಿ. ಅಕ್ಕನ ದೊಡ್ಡ ರೂಢಿ ಅಂದ್ರ ಶನಿವಾರದ್ದು.

ಶನಿವಾರ ಬಂತಂದ್ರ ಅಕ್ಕ ಕೊರಳಿನ ಟೇಪು ತೆಗೆದು ಒಬ್ಬಾಕಿ ಕೊರಳಿಗೆ ಹಾಕ್ತಿದ್ಳು. ಪಾಳಿ ಪ್ರಕಾರ. ಆ ದಿನ ಲೈನು ಆಕಿದು. ತಾನು ಹೋಗಿ ಆಕಿ ಮಷಿನ್ನಿಗೆ ಕುಂತು ಕಿಸೇನೋ ಜಿಪ್ಪೋ ಹಚ್ತಿದ್ಳು, ಏನರ ಕೇಳಿದ್ರ ಇವತ್ತು ನಾ ಬರೇ ಟೇಲರ್ರು, ಟೇಪಿನಾಕಿನ್ನ ಕೇಳ್ರಿ ಅಂತಿದ್ಳು. ಮೊದಲನೇ ಸಲ ನನ್ನ ಕೊರಳಿಗೆ ಬಿದ್ದಾಗ ಯಾರನ್ನೂ ಕೇಳದ ಎಲ್ಲಾ ನಾನ ಮಾಡಾಕ ಹೋದೆ. ಮಧ್ಯಾಹ್ನದಾಗ ದಾರ ಖಾಲಿ ಆಗಿ ಲೈನು ನಿಂತು ಹೋತು, ಮ್ಯಾಲಿಂದ ಬೈಗಳ ಬಂದ್ವು. ಅಕ್ಕ ತಲಿ ಎತ್ತಲಿಲ್ಲ. ಸಂಜಿಗೆ ಟೇಪು ವಾಪಸ್ ಇಸಗೊಂಡು, ಬಾ ನೀರು ಕುಡಿಯೂಣು ಅಂದ್ಳು. ಆ ಸಲ ಬೈಲಿಲ್ಲ. ದಾರ ಮುಗಿಯೂ ಮೊದಲ ಯಾರಿಗೆ ಗೊತ್ತಾಗತೈತಿ, ನಿನಗೋ ದಾರದ ಮುಂದ ಕುಂತಾಕಿಗೋ ಅಂತ ಕೇಳಿದ್ಳು. ನಾ ಅವತ್ತಿನಿಂದ ಕೇಳಿ ಕೆಲಸ ಮಾಡೂದು ಕಲ್ತೆ.

ಹಿಂಗ ಒಬ್ಬೊಬ್ರಾಗಿ ಇಡೀ ಲೈನು ಕಲ್ತುಬಿಡ್ತು. ನಮ್ಮಪ್ಪ ತೀರಿಕೊಂಡ ಸುದ್ದಿ ವಾರದ ನಡುವ ಬಂದಾಗ ಅಕ್ಕ ನನಗ, ಹೋಗು, ತಿರುಗಿ ನೋಡಬ್ಯಾಡ ಅಂದ್ಳು. ದಿನಕರ್ಮ ಎಲ್ಲಾ ಮುಗಿಸಿ ಬಂದು ನೋಡಿದ್ರ ನನ್ನ ಕೆಲಸ ಒಂದಿಷ್ಟೂ ಬಾಕಿ ಇರಲಿಲ್ಲ. ನನ್ನ ಆಜೂಬಾಜೂದವ್ರು ಹೇಳದ ಕೇಳದ ಹಂಚಿಕೊಂಡಿದ್ರು. ಅಕ್ಕನ ಹತ್ರ ಕಲ್ತವ್ರೊಳಗ ಒಬ್ಬಾಕಿ ಕೌಲ್ ಬಜಾರದ ಯೂನಿಟ್ಟಿಗೆ ಸೂಪರ್‌ವೈಸರ್ ಆಗಿ ಹೋದ್ಳು, ಇನ್ನೊಬ್ಬಾಕಿ ಹಚ್ಚೊಳ್ಳಿ ಊರಾಗ ತನ್ನದ ಹೊಲಿಗಿ ಸೆಂಟರ್ ತೆಗೆದ್ಳು. ಹೋಗೂವಾಗ ಸ್ವೀಟ್ ಡಬ್ಬಿ ತಂದು ಅಕ್ಕನ ಕಾಲು ಮುಟ್ಟವ್ರು. ಅಕ್ಕ ಮಾತ್ರ ಅಲ್ಲೇ, ಅದ ಡ್ರಮ್ಮಿನ ಹತ್ರ.

ಆಕಿಗೆ ಆಸಿ ಇರಲಿಲ್ಲ ಅನ್ಕೋಬ್ಯಾಡ್ರಿ. ಇತ್ತು. ಭಾಳ ಇತ್ತು. ಸಿರುಗುಪ್ಪದಾಗ ಮಾಲಕರು ಇನ್ನೊಂದು ಯೂನಿಟ್ಟು ತೆಗೀತಾರ, ಅದಕ್ಕೊಬ್ರು ಫ್ಲೋರ್ ಇನ್‌ಚಾರ್ಜ್ ಬೇಕು ಅಂತ ಸುದ್ದಿ ಆತು. ಅಂದ್ರ ಲೈನಿನಾಕಿ ಅಲ್ಲ, ಇಡೀ ಯೂನಿಟ್ಟಿನಾಕಿ. ಆಕಿಗೆ ಮ್ಯಾಲ ಕುರ್ಚಿ, ಬಾಗಲಿನ ಮ್ಯಾಲ ಹೆಸರು. ಒಂದಿನ ಚಾ ಕುಡಿಯೂವಾಗ ಅಕ್ಕ ಆ ಕಬ್ಬಿಣದ ಮೆಟ್ಲು ನೋಡಿಕೋತ ನನಗ ಹೇಳಿದ್ಳು:

"ಹೆಣಮಕ್ಳು ನಾವು ಇದನ್ನ ಹತ್ತೂದು ಎರಡ ಕೆಲಸಕ್ಕ. ಬೈಸಿಕೊಳ್ಳಾಕ, ಇಲ್ಲಂದ್ರ ಕೈ ಮುಗಿಯಾಕ. ಒಬ್ಬಾಕಿ ಆದ್ರೂ ಕುಂದ್ರಾಕ ಹತ್ತಬೇಕಲ್ಲವ್ವ."

ಆ ಮಾತು ಆಡಿದಾಗ ಆಕಿ ಮುಖಾ ನೋಡಿದ್ರ, ದೇವ್ರಾಣಿ, ನನ್ನ ಹರಕಿ ಫಲ ಎಲ್ಲಾ ಆಕಿಗೆ ಕೊಟ್ಟುಬಿಡಬೇಕು ಅನ್ನಿಸ್ತು. ಕಾಲಿನ ನರಾ ಉಬ್ಬಿ ನಿಲ್ಲಾಕ ಆಗ್ತಿರಲಿಲ್ಲ ಆಕಿಗೆ. ಆದ್ರ ಕುರ್ಚಿ ಬೇಕಾಗಿದ್ದು ಕಾಲಿನ ಸಲುವಾಗಿ ಅಷ್ಟ ಅಲ್ಲ.

ಮಾಲಕರ ಮಗ ಹೊರಗ ಓದಿ ಬಂದು ಅದ ಹೊತ್ತಿನ್ಯಾಗ ಕಾರಭಾರ ಹಿಡಿದಿದ್ದ. ಒಂದು ಹೋಟ್ಲಿನ ಹಾಲ್‌ನ್ಯಾಗ ಸೂಪರ್‌ವೈಸರ್‌ಗಳಿಗೆ ಟ್ರೇನಿಂಗ್ ಇಡ್ಸಿದ. ಒಬ್ಬೊಬ್ರು ಒಬ್ರನ್ನ ಕರಕೊಂಡು ಬರಬಹುದು ಅಂದ್ರು. ಆ ವಾರದ ಪಾಳಿ ನಂದಿತ್ತು, ಅಕ್ಕ ನನ್ನ ಕರಕೊಂಡು ಹೋದ್ಳು. ಟ್ರೇನಿಂಗ್ ಸರು ಹೈದರಾಬಾದಿನವ್ರು, ಒಳ್ಳೆ ಮನಷ್ಯಾ. ಲೀಡರ್ ಆಗೂದು ಹುಟ್ಟಿನಿಂದ ಬರಂಗಿಲ್ಲ, ದಿನಾ ಮಾಡೂ ಸಣ್ಣ ಸಣ್ಣ ರೂಢಿಯಿಂದ ಬರತೈತಿ, ಅದರಿಂದ ನೀವೂ ಮ್ಯಾಲ ಬರ್ತೀರಿ ಅಂದ್ರು. ನಿಮ್ಮ ನಿಮ್ಮ ರೂಢಿ ಹೇಳ್ರಿ ಅಂತ ಎಬ್ಬಿಸಿದ್ರು. ಒಬ್ಬಾಂವ ಟೈಮಿಗೆ ಬರ್ತೀನಿ ಅಂದ, ಒಬ್ಬಾಂವ ಯಾರನ್ನೂ ನಂಬಂಗಿಲ್ಲ ಅಂದ. ಅಕ್ಕನ ಪಾಳಿ ಬಂದಾಗ ಆಕಿ ಸೆರಗು ಸರಿ ಮಾಡಿಕೊಂಡು ಶನಿವಾರದ ಟೇಪಿಂದು ಹೇಳಿದ್ಳು.

ಸರು ಚಪ್ಪಾಳಿ ಹೊಡದ್ರು. ಇದಪ್ಪಾ ಲೀಡರ್ ಅಂದ್ರ, ತಾನಿಲ್ಲದಿದ್ರೂ ಕೆಲಸ ನಡಿಯೂ ಹಂಗ ಮಾಡಾಕಿ ಅಂತ ಎಲ್ಲಾರ ಕೈಲೂ ಚಪ್ಪಾಳಿ ಹೊಡಿಸಿದ್ರು. ಅಕ್ಕನ ಮುಖಾ ಕೆಂಪಾತು. ಜನ್ಮದಾಗ ತನ್ನ ಬಗ್ಗೆ ಒಂದು ಮಾತು ಆಡದಾಕಿ, ಅವತ್ತು ಆ ಚಪ್ಪಾಳಿ ಸದ್ದಿನ್ಯಾಗ ಬಾಯಿ ತೆಗೆದ್ಳು.

"ಖರೇರಿ ಸರ್. ನಾ ಒಂದು ತಿಂಗಳು ಬರ್ಲಿಲ್ಲಂದ್ರೂ ನನ್ನ ಲೈನು ನಿಂದ್ರಂಗಿಲ್ಲ."

ಹಿಂದಿನ ಸಾಲಿನ್ಯಾಗ ಮಾಲಕರ ಮಗ ಕುಂತಿದ್ದ. ಫೋನ್ ನೋಡಿಕೋತ ಇದ್ದಾಂವ ತಲಿ ಎತ್ತಿ ಅಕ್ಕನ್ನ ನೋಡಿದ. ನಕ್ಕ. ನಾನೂ ನಕ್ಕೆ, ಕೆಲಸ ಆತು ಅನ್ಕೊಂಡು. ಹೊರಗ ಬಂದು ಬಂಡಿ ಮುಂದ ನಿಂತು ಮಿರ್ಚಿ ಮಂಡಕ್ಕಿ ತಿಂದ್ವಿ. ನಾ ಭಾಳ ಮಾತಾಡಿದ್ನೇನು ಅಂತ ಅಕ್ಕ ಕೇಳಿದ್ಳು. ಇನ್ನೂ ಕಮ್ಮಿ ಆತು ಅಂದೆ. ಆಕಿ ಖಾರಕ್ಕ ಕಣ್ಣೊರಸಿಕೊಂಡು ನಕ್ಕಿದ್ಳು. ಅಷ್ಟು ಖುಷಿಯಾಗಿ ಆಕಿನ್ನ ನಾ ನೋಡಿದ್ದು ಅದ ಕೊನಿ.

ಮುಂದಿನ ಮಂಗಳವಾರ ಮ್ಯಾಲಿಂದ ಕರಿ ಬಂತು. ಅಕ್ಕ ಮುಖಾ ತೊಳಕೊಂಡು ಮೆಟ್ಲು ಹತ್ತಿದ್ಳು. ಕೆಳಗ ನಾವೆಲ್ಲಾ ಮಷಿನ್ ತುಳಿಯೂದು ಬಿಟ್ಟು ಗಾಜು ನೋಡಾಕತ್ವಿ. ಕುರ್ಚಿ ತೋರಿಸಿದ್ದು ಕಾಣಿಸ್ತು. ಅಕ್ಕ ಕುಂತ್ಳು. ನಮ್ಮೊಳಗ ಒಬ್ಬಾಕಿ ಸಣ್ಣಗ ಕೇಕಿ ಹಾಕಿದ್ಳು.

ಆ ಕುರ್ಚಿ ಮ್ಯಾಲ ಕುಂತಾಗ ಅಕ್ಕಗ ಏನು ಹೇಳಿದ್ರು ಅನ್ನೋದು ಆಕಿನ ಆಮ್ಯಾಲ ಹೇಳಿದ್ದು. ಬೈಲಿಲ್ಲಂತ. ಮಾಲಕರ ಮಗ ಭಾಳ ಮರ್ಯಾದಿ ಕೊಟ್ಟು ಮಾತಾಡಿದ್ನಂತ. ನೀವ ಹೇಳಿದ್ರಲ್ಲರಿ ನೀವಿಲ್ಲದಿದ್ರೂ ಲೈನು ನಡೀತೈತಿ ಅಂತ, ಹಂಗಾರ ಆ ಲೈನಿಗೆ ಬ್ಯಾರೆ ಸೂಪರ್‌ವೈಸರ್ ಯಾಕಬೇಕು? ಟೇಪು ವಾರಕ್ಕೊಬ್ರು ಹಾಕ್ಕೊಳ್ಳಿ, ಹೆಂಗೂ ಎಲ್ಲಾರಿಗೂ ಕಲಿಸೀರಿ ಅಂದ್ನಂತ. ಸಿರುಗುಪ್ಪದ್ದು ಏನಾತ್ರಿ ಅಂತ ಅಕ್ಕ ಕೇಳ್ಯಾಳ. ಅದಕ್ಕ ಡಿಪ್ಲೊಮಾ ಆದವ್ರು ಹೊರಗಿಂದ ಬರ್ತಾರ, ಅಲ್ಲಿ ಹಿಡಿತ ಇಟ್ಕೊಳ್ಳೂ ಮಂದಿ ಬೇಕು ಅಂದ್ನಂತ. ಅಕ್ಕಗ ದಾರ ಕತ್ತರಿಸೂ ಕಡೆ ಕೆಲಸ ಹಚ್ಚಿದ್ರು. ಹೊಲಿದ ಪ್ಯಾಂಟಿಗೆ ಅಲ್ಲಲ್ಲಿ ಉಳದ ದಾರದ ತುದಿ ಕತ್ತರಿಸೋದು, ನೆಲದ ಮ್ಯಾಲ ಕುಂತು.

ಅಕ್ಕ ಕೆಳಗ ಬಂದ್ಳು. ಮೆಟ್ಲಿನ ಕಂಬಿ ಹಿಡಕೊಂಡು ಒಂದೊಂದ ಮೆಟ್ಲು ಇಳದ್ಳು. ಅವತ್ತು ಶನಿವಾರ ಅಲ್ಲ, ಆದ್ರೂ ಕೊರಳಿಂದ ಟೇಪು ತೆಗೆದು ಪಾಳಿ ಯಾರದವ್ವ ಅಂತ ಕೇಳಿದ್ಳು. ಯಾರೂ ಕೈ ಚಾಚಲಿಲ್ಲ. ಗೋಡಿ ಮೊಳಿಗೆ ಅದನ್ನ ಸಿಗಿಸಿ, ಡ್ರಮ್ಮಿನ ಹತ್ರ ಹೋಗಿ, ಒಬ್ಬಾಕಿನ ನಿಂತು ನೀರು ಕುಡದ್ಳು.

ದಾರ ಕತ್ತರಿಸೂ ಕಡೆ ಆಕಿ ಕೆಲವು ವಾರ ಇದ್ಳು. ನಮಗ ರೂಢಿ ನೋಡ್ರಿ, ಏನರ ತೊಡಕಾದ್ರ ಎದ್ದು ಆಕಿ ಹತ್ರ ಓಡ್ತಿದ್ವಿ. ಗಾಜಿನಿಂದ ಅದು ಕಾಣಿಸ್ತು. ಲೈನಿನವ್ರು ಆ ಕಡೆ ಹೋಗಬಾರದು ಅಂತ ಹುಕುಂ ಆತು. ಅದಾದ ಮ್ಯಾಲ ಅಕ್ಕ ಬರೋದು ಬಿಟ್ಳು. ರೂಮು ಖಾಲಿ ಮಾಡಿ ಸಿರುಗುಪ್ಪಕ್ಕ, ತಂಗಿ ಮನಿಗಿ ಹೋದ್ಳು ಅಂತ ತಿಳೀತು.

ಮಾಲಕರ ಮಗನ ಪಾಳಿ ಪದ್ಧತಿ ಏನಾತು ಅಂತ ಕೇಳ್ತೀರೇನು? ಹಳ್ಳ ಹಿಡೀತು. ಕೆಲಸ ಎಲ್ಲಾರಿಗೂ ಬರ್ತಿತ್ತು, ಖರೇ. ಆದ್ರ ಕೆಟ್ಟ ಪೀಸು ಬಂದಾಗ ನನ್ನ ಲೈನಿಂದ್ರಿ ಅನ್ನಾಕ ಒಬ್ರೂ ತಯಾರಿಲ್ಲ. ಯಾಕ ಅಂತಾರ? ಹಂಗ ಅಂದಾಕಿ ಎಲ್ಲಿ ಕುಂತ್ಳು ಅಂತ ಎಲ್ಲಾರೂ ನೋಡಿದ್ರಲ್ಲ. ಒಬ್ರ ಮ್ಯಾಲ ಒಬ್ರು ಹಾಕಿ, ಊಟದ ಗುಂಪು ಮತ್ತ ಬ್ಯಾರೆ ಬ್ಯಾರೆ ಆದ್ವು. ಕೊನಿಗೆ ಮ್ಯಾಲಿನವ್ರು ಕಾಯಂ ಸೂಪರ್‌ವೈಸರ್ ಒಬ್ರು ಇರ್ಲಿ ಅಂತ ನನ್ನ ಕರದ್ರು. ಅಕ್ಕನ್ನ ಯಾಕ ಕರಿಯಂಗಿಲ್ಲ ಅಂತ ಕೇಳಿದೆ. ವಯಸ್ಸಾತು ಅಂದ್ರು.

ನಾ ಹೂಂ ಅನ್ನೂ ಮೊದಲ ಸಿರುಗುಪ್ಪದ ಬಸ್ ಹತ್ತಿದೆ. ಅಕ್ಕನ ತಂಗಿ ಮನಿ ಅಕ್ಕಿ ಮಿಲ್ಲಿನ ಹಿಂದ. ಪಡಸಾಲ್ಯಾಗ ಅಕ್ಕ ಮಷಿನ್ ಇಟ್ಕೊಂಡು ಸಾಲಿ ಮಕ್ಕಳ ಯೂನಿಫಾರ್ಮ್ ಹೊಲಿಯಾಕತ್ತಿದ್ಳು. ಕಾಲು ಬಾತಿದ್ವು, ಮುಖಾ ಇಳದಿತ್ತು. ನಾ ಎಲ್ಲಾ ಹೇಳಿದೆ. ನಿನ್ನ ಜಾಗಾ ಅದು ಅಕ್ಕಾ, ನಾ ಕುಂದ್ರಬಹುದೇನು ಅಂತ ಕೇಳಿದೆ. ಕುಂದ್ರು ಅಂದ್ಳು. ನಿಲ್ಲಿಸದ ಹೊಲಿಯಾಕತ್ತಿದಾಕಿ ಆಮ್ಯಾಲ ಮಷಿನ್ನಿನ ಗಾಲಿ ಕೈಯಿಂದ ಹಿಡದು ನಿಲ್ಲಿಸಿದ್ಳು.

"ಆದ್ರ ನಾ ಹೇಳಿಕೊಟ್ಟಿದ್ದೆಲ್ಲಾ ಮರ್ತುಬಿಡು. ಟೇಪು ಯಾರ ಕೊರಳಿಗೂ ಹಾಕಬ್ಯಾಡ. ಒಬ್ರಿಗೂ ಪೂರ್ತಿ ಕಲಿಸಬ್ಯಾಡ. ನೀ ಇಲ್ಲಂದ್ರ ಲೈನು ನಿಂದ್ರಬೇಕು."

"ನೀ ಹೇಳ್ತಿಯೇನಕ್ಕಾ ಇದನ್ನ?"

"ನಾ ಎಲ್ಲಿ ಹೇಳ್ತೀನವ್ವ. ಆ ಮೆಟ್ಲು ಹೇಳ್ತಾವು."

ಆಕಿ ಅತ್ತಿದ್ರ ಛಲೋ ಇತ್ತು. ಅಳಲಿಲ್ಲ. ಚಾ ಮಾಡಿಕೊಟ್ಟು, ಕುರುಗೋಡಿಗೆ ಹೋಗಾಕ ಹೊತ್ತಾಗತೈತಿ, ಬಸ್ ತಪ್ಪತೈತಿ ನೋಡು ಅಂತ ಎಬ್ಬಿಸಿ ಕಳಿಸಿದ್ಳು. ಬಸ್ಸಿನ್ಯಾಗ ಕಾಲುವಿ ದಾಟಿ, ಗದ್ದಿ ದಾಟಿ ಬರೂತನಕ ನಾ ಅತ್ತೆ. ಒಬ್ರನ್ನ ಕೆಲಸದಿಂದ ತಗಿಯೋದು ಬ್ಯಾರೆ. ಆಕಿ ಜೀವಮಾನ ಎಲ್ಲಾ ನಂಬಿದ್ದನ್ನ ಆಕಿ ಬಾಯಿಂದನ ಸುಳ್ಳು ಅನ್ನಿಸೋದು ಐತಲ್ಲ, ಅದಕ್ಕ ಯಾವ ನರಕ ಕೊಡ್ತಾನ ದೇವ್ರು?

ಅಕ್ಕನ ಮಾತು ನಾ ಯಾವತ್ತೂ ಮೀರಿದಾಕಿ ಅಲ್ಲ. ಇದನ್ನೂ ಮೀರಲಿಲ್ಲ. ಶನಿವಾರ ಬಂದಾಗ ಕೈ ತಾನಾಗಿ ಕೊರಳಿಗೆ ಹೋಗ್ತಿತ್ತು, ಹಿಡದು ಕೆಳಗ ಇಳಸ್ತಿದ್ದೆ. ದಾರ ಎಷ್ಟು ತರಿಸಬೇಕು, ಯಾವ ಬಣ್ಣದ ಬಟ್ಟಿ ಹೊಲಿಯೂವಾಗ ಎಳೀತೈತಿ, ಯಾವ ಮಷಿನ್ನಿಗೆ ಯಾವ ಸೂಜಿ, ಎಲ್ಲಾ ನನ್ನ ತಲ್ಯಾಗ. ಅಕ್ಕನ ಹತ್ರ ಕಲ್ತ ಹಳಬರು ವರ್ಷ ಕಳದಂಗ ಒಬ್ಬೊಬ್ರಾಗಿ ಬಿಟ್ಟು ಹೋದ್ರು, ಅವರ ಜಾಗಕ್ಕ ಬಂದ ಹೊಸಾ ಹುಡುಗ್ಯಾರು ಹತ್ತು ಸಲ ಅಕ್ಕಾ ಅಕ್ಕಾ ಅಂತ ಓಡಿ ಬರ್ತಾರ. ಹೌದು, ಈಗ ನನ್ನ ಅಕ್ಕ ಅಂತಾರ. ನಾ ಒಂದು ದಿನ ಜ್ವರದಾಗ ಮಲಗಿದ್ರ ಲೈನು ಬಿದ್ದು ಹೋಗತೈತಿ. ಮ್ಯಾಲ ನನಗ ಭಾಳ ಬೆಲಿ. ಮೀಟಿಂಗಿನ್ಯಾಗ ಮಾಲಕರ ಮಗ ನನ್ನ ತೋರ್ಸಿ, ಲೀಡರ್ ಅಂದ್ರ ಹಿಂಗಿರಬೇಕು, ಈಕಿ ಇಲ್ಲಂದ್ರ ಒಂದು ಪೀಸು ಹೊರಗ ಬರಂಗಿಲ್ಲ ಅಂದ. ಆಗೂ ಚಪ್ಪಾಳಿ ಹೊಡದ್ರು.

ಈಗ ಫೋನ್ ಬಂದ ದಿನಕ್ಕ ಬರ್ತೀನಿ.

ನಾ ಟೇಪು ಹಾಕ್ಕೊಂಡೇ ಮೆಟ್ಲು ಹತ್ತಿದೆ. ಮಾಲಕರ ಮಗ ಯಾರ ಕೂಡೋ ಮಾತಾಡಾಕತ್ತಿದ್ದ, ಮುಗಿಯೂತನಕ ಬಾಗಲಾಗ ನಿಂತೆ. ಭಾಳ ಹೊತ್ತು ನಿಂತೆ. ಆಮ್ಯಾಲ ಅಕ್ಕ ತೀರಿಕೊಂಡ್ಳು, ಮಣ್ಣಿಗೆ ಹೋಗಬೇಕು ಅಂದೆ. ಆತಗ ಯಾವ ಅಕ್ಕ ಅಂತ ಗೊತ್ತಾಗಲಿಲ್ಲ. ನಿಮ್ಮನಿ ಅಕ್ಕ ಏನವಾ ಅಂದ. ಹೂಂ ಅಂದೆ. ಪಾಪ, ಹೋಗು ಅಂದ. ಬ್ಯಾಡ ಅನ್ನಲಿಲ್ಲ, ಸುಳ್ಳ್ಯಾಕ ಹೇಳ್ಲಿ.

"ಇವತ್ತ ಲಾರಿ ಲೋಡ್ ಆಗಬೇಕು. ನೀ ಬರೂತನಕ ಲೈನು ನೋಡಿಕೊಳ್ಳಾಕ ಒಬ್ಬಾಕಿ ಹೆಸರು ಹೇಳು. ಯಾರರ ಆಗ್ಲಿ. ಹೇಳಿ ಹೋಗು."

ಗಾಜಿನಿಂದ ಕೆಳಗ ನೋಡಿದೆ. ಸಾಲಾಗಿ ತಲಿ ಬಗ್ಗಿಸಿ ಕುಂತಿದ್ರು. ಕಿಸೆ ಹಚ್ಚಾಕಿಗೆ ಕಿಸೆ ಅಷ್ಟ ಗೊತ್ತು. ಜಿಪ್ಪಿನಾಕಿಗೆ ಜಿಪ್ಪು. ಈ ತುದಿಯಿಂದ ಆ ತುದಿತನಕ ನೋಡಿದೆ, ಮತ್ತ ಆ ತುದಿಯಿಂದ ಈ ತುದಿಗೆ. ಒಬ್ಬಾಕಿ ಹೆಸರೂ ಬಾಯಿಗೆ ಬರಲಿಲ್ಲ.

ಆತ ಕಾದ. ಆಮ್ಯಾಲ ನಕ್ಕು, ಅದಕ್ಕ ನೋಡವಾ ನಿನ್ನನ್ನ ಬರೋ ತಿಂಗಳು ಮ್ಯಾಲ ತಗೊಳ್ಳಾಕತ್ತಿದ್ದು, ಬಾಗಲಿಗೆ ನಿನ್ನ ಹೆಸರು ಹಾಕಸ್ತೀನಿ ಅಂದ. ಎದುರಿನ ಕುರ್ಚಿ ತೋರಿಸಿ ಕುಂದ್ರು ಅಂದ.

ಕುಂತೆ. ಹೊರಗ ಬಿಸಲು ಇಳಿಯಾಕತ್ತಿತ್ತು. ಕರೂರಿನ್ಯಾಗ ಅಕ್ಕನ್ನ ಮಣ್ಣಿಗೆ ಇಡೂ ಹೊತ್ತು ಅದು.